ಸೈನಿಕನ ಮಡದಿಗೆ ಒಬ್ಬ ಅಕ್ಕ

(ಜೋಗೇಶ್ವರಿಯಲ್ಲಿ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ನಿಮಿತ್ತ ನಡೆಯುವ ಭಾಷಣಗಳಲ್ಲಿ ಕದಂಬರ, ಚಾಲುಕ್ಯರ, ವಿಜಯನಗರದ ವೀರರ ಸ್ಮರಣೆ ಮಾಡುವುದು ನಮ್ಮಲ್ಲಿ ನಡೆದುಬಂದ ವಾಡಿಕೆ. ಅದು ಆಗಬೇಕಾದುದೇ. ಆದರೆ ನಾನು ಇಂದು ವೀರರ ವಿಷಯವನ್ನು ಬಲ್ಲವರಿಗೆ ಬಿಟ್ಟು, ವೀರನು ಕರ್ತವ್ಯಕ್ಕೆ ಹೊರಟುಹೋದ ಮೇಲೆ ಬಾಗಿಲು ಹಾಕಿಕೊಂಡು ಒಳಗೆ ಕುಳಿತ ಹೆಣ್ಣುಮಗಳ ವಿಷಯವಾಗಿ ನಾಲ್ಕು ಮಾತುಗಳನ್ನಾಡಲು ಅಪ್ಪಣೆ ಬೇಡುತ್ತೇನೆ. ನಾನು ಸೈನಿಕನಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಸೈನ್ಯದ ಮಾತು ನಿನಗೇಕೆ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಅದು ನನ್ನ ಮನೆಯ ಹೊಸ್ತಿಲನ್ನೇ ತುಳಿದು ಬಂದುದರಿಂದ ಆಡಬೇಕಾಗಿದೆ.

ನನ್ನ ತಂಗಿಯನ್ನು ನೌಕಾಪಡೆಯಲ್ಲಿರುವ ಹುಡುಗನಿಗೆ ಕೊಟ್ಟಿದ್ದೇವೆ. ಗದಗ ಜಿಲ್ಲೆಯ ರೋಣ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಲಗ್ನವಾದಾಗ ಊರಿಗೆ ಊರೇ ಸಂತೋಷಪಟ್ಟಿತು. ಬಿಳಿಯ ಸಮವಸ್ತ್ರ, ಸರಕಾರದ ಸಂಬಳ, ಮುಂಬಯಿಯ ವಾಸ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಲಗ್ನವಾದ ಮೂರನೆಯ ತಿಂಗಳು ತಂಗಿ ಇಲ್ಲಿಗೆ ಬಂದಳು. ಸರಕಾರಿ ಕ್ವಾರ್ಟರ್ಸು ಸರದಿಯ ಪ್ರಕಾರ ಸಿಗುವಂಥದು. ಅದು ಸಿಗುವವರೆಗೆ ಮಲಾಡಿನಲ್ಲಿ ಒಂದೇ ಕೋಣೆಯ ಬಾಡಿಗೆಮನೆ. ನಮ್ಮ ಜೋಗೇಶ್ವರಿಯಿಂದ ಮೂರನೆಯ ಸ್ಟೇಷನ್ನು. ಅಣ್ಣ ಇಷ್ಟು ಹತ್ತಿರದಲ್ಲಿರುವಾಗ ಹುಡುಗಿಗೆ ಏನು ಚಿಂತೆಯೆಂದು ಅವ್ವ ಊರಿನಲ್ಲಿ ನಿಶ್ಚಿಂತಳಾದಳು. ನಾನೂ ನಿಶ್ಚಿಂತನಾದೆನು.

ಎರಡು ತಿಂಗಳಾಗುವಷ್ಟರಲ್ಲಿ ಹಡಗು ಹೊರಟಿತು. ಅವರ ಭಾಷೆಯಲ್ಲಿ ಇದಕ್ಕೆ ‘ಸೇಲಿಂಗು’ ಎಂದು ಹೆಸರು. ನಾನು ದಿನ ಬಿಟ್ಟು ದಿನ ಫೋನು ಮಾಡಿ ಕೇಳುವೆನು. ಅವಳು ‘ಆರಾಮ ಅದೀನಿ’ ಎನ್ನುವಳು. ಬ್ಯಾಂಕಿನಲ್ಲಿ ವರ್ಷದ ಲೆಕ್ಕ ಮುಗಿಸುವ ಮಾರ್ಚಿ ತಿಂಗಳು. ಅಷ್ಟು ಕೇಳಿ ನಾನು ನನ್ನ ಕೆಲಸಕ್ಕೆ ತಿರುಗುವೆನು. ಒಂದು ಭಾನುವಾರ ಊರಿಂದ ಬಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದೆ. ಕಿಟಕಿ ಮುಚ್ಚಿತ್ತು. ಎಂಟು ದಿವಸಗಳಿಂದ ಜ್ವರ. ಒಲೆಯ ಮೇಲೆ ಅನ್ನ, ಪಕ್ಕದಲ್ಲಿ ಉಪ್ಪಿನಕಾಯಿ, ಬೇರೇನೂ ಇಲ್ಲ. ಪೇಟೆಗೆ ಹೋಗಿ ಹಿಂದಿಯಲ್ಲೋ ಮರಾಠಿಯಲ್ಲೋ ಕೇಳಲು ಬಾರದೆ ಅವಳು ತರಕಾರಿ ತರುವುದನ್ನೇ ಬಿಟ್ಟಿದ್ದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ‘ನನಗ್ಯಾಕ ಹೇಳಲಿಲ್ಲ?’ ಎಂದು ಬಾಗಿಲಲ್ಲೇ ನಿಂತು ಕೂಗಿದೆ. ಅವಳು ಮೆಲ್ಲಗೆ, ‘ನಿನಗ ಹೇಳಿದ್ರ ಅವ್ವಗ ಗೊತ್ತಾಗತಿತ್ತು. ಅವ್ವ ಅಳತಿದ್ಲು. ಎಂಥಾ ಮನಿಗೆ ಕೊಟ್ಟೇವಿ ಅಂತ ಮಂದಿ ಅವರಿಗೆ ಅಂತಿದ್ರು’ ಎಂದಳು.

ನನ್ನ ಕೂಗು ಕೆಳಗಿನ ಮಹಡಿಗೆ ಕೇಳಿಸಿತು. ಅಲ್ಲಿದ್ದವರು ಹಾಸನದ ಕಡೆಯ ಹೆಣ್ಣುಮಗಳು. ಅವರ ಯಜಮಾನರೂ ನೌಕಾಪಡೆಯವರೇ. ಎರಡು ತಿಂಗಳಿಂದ ಇಬ್ಬರೂ ಒಂದೇ ಮೆಟ್ಟಿಲು ಹತ್ತಿ ಇಳಿದಿದ್ದರು. ಒಬ್ಬರು ಕನ್ನಡದವರೆಂದು ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಅವರು ಮೇಲಕ್ಕೆ ಬಂದು ನನ್ನ ಕಡೆ ನೋಡದೆ ತಂಗಿಯ ಹಣೆ ಮುಟ್ಟಿ ನೋಡಿ, ‘ಮೊದಲನೇ ಸೇಲಿಂಗಾ? ನಾನು ವಿಶಾಖಪಟ್ಟಣದಲ್ಲಿ ನಾಲ್ಕು ತಿಂಗಳು ಅತ್ತಿದ್ದೀನಿ ಕಣಮ್ಮ. ಮೊದಲು ಜ್ವರ ತೋರಿಸೋಣ, ಆಮೇಲೆ ಇಬ್ಬರೂ ಕೂತ್ಕೊಂಡು ಅಳೋಣ’ ಎಂದರು. ಎಂಟು ದಿವಸಗಳ ಮೇಲೆ ನನ್ನ ತಂಗಿ ಅಂದು ನಕ್ಕಳು.

ಮಹನೀಯರೇ, ಆ ಹೆಣ್ಣುಮಗಳು ಹೇಳಿದ ಮಾತಿನಲ್ಲಿ ಉಪದೇಶವಿರಲಿಲ್ಲ. ‘ಧೈರ್ಯವಾಗಿರು’ ಎನ್ನುವುದನ್ನು ನಾನೂ ಫೋನಿನಲ್ಲಿ ನೂರು ಸಲ ಹೇಳಿದ್ದೆ. ನಾನು ಹೇಳಿದುದು ದಡದ ಮೇಲೆ ನಿಂತವನ ಮಾತು. ಅವರು ಹೇಳಿದುದು ಅದೇ ನೀರಿನಲ್ಲಿ ಈಜಿ ಬಂದವರ ಮಾತು. ನನ್ನೆದುರು ಹೇಳಿದರೆ ಗಂಡನ ಮನೆಯ ಮಾನ ಹೋಗುವುದೆಂದು ಅವಳು ಹೆದರಿದಳು. ಅವರೆದುರು ಹೇಳಿದರೆ ಹೋಗುವಂಥದು ಏನೂ ಇರಲಿಲ್ಲ. ಆಚೆಯ ದಡಕ್ಕೆ ಹೊಸದಾಗಿ ಬಂದವಳಿಗೆ ಬೇಕಾದುದು ತನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದ, ತನ್ನಂಥವಳೇ ಆದ ಒಬ್ಬ ಅಕ್ಕ. ನಾನು ಈ ಹೊತ್ತು ಹೇಳಬೇಕೆಂದಿರುವುದು ಇದೊಂದನ್ನೇ.

ಸೈನಿಕರ ಸಂಸಾರವು ಇತರರ ಸಂಸಾರದಂತಲ್ಲ. ಸೇನೆಯಲ್ಲಿ ‘ಫೀಲ್ಡ್’ ಎಂದೂ ‘ಪೀಸ್’ ಎಂದೂ ಎರಡು ಬಗೆಯ ನೇಮಕಗಳುಂಟು. ಗಡಿಯ ಕಡೆಯ ಫೀಲ್ಡ್ ನೇಮಕದಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವಂತಿಲ್ಲ. ಅವರು ಊರಿನಲ್ಲಿಯೋ, ಅಂಥ ಕುಟುಂಬಗಳಿಗೆಂದೇ ಬೇರೆ ಊರಿನಲ್ಲಿ ಕೊಟ್ಟ ವಸತಿಯಲ್ಲಿಯೋ ಇರಬೇಕು. ಪೀಸ್ ನೇಮಕದಲ್ಲಿ ಕೂಡಿ ಇರಬಹುದು. ಆದರೆ ಎರಡು ಮೂರು ವರ್ಷಗಳಲ್ಲಿ ಮತ್ತೆ ಗಂಟು ಮೂಟೆ ಕಟ್ಟಬೇಕು. ನೌಕಾಪಡೆಯವರಿಗೆ ಮನೆ ಬಂದರಿನಲ್ಲಿದ್ದರೂ ಮನೆಯವನು ಕಡಲಿನ ಮೇಲೆ. ಹೀಗಾಗಿ ಬೆಳಗಾವಿಯ ಹಳ್ಳಿಯಿಂದ ಬಂದ ಹುಡುಗಿ ಪಠಾಣಕೋಟಿನಲ್ಲಿ ಚೂಲಿ ಹೂಡಬೇಕಾಗುತ್ತದೆ. ಕೊಡಗಿನವಳು ಜೋಧಪುರದಲ್ಲಿ ಮಗುವನ್ನು ಶಾಲೆಗೆ ಸೇರಿಸಬೇಕಾಗುತ್ತದೆ. ಗಂಡನಿಗೆ ಹೊಸ ಊರಿನಲ್ಲಿಯೂ ಅದೇ ಪಡೆ, ಅದೇ ಶಿಸ್ತು, ಅದೇ ಊಟದ ಗಂಟೆ. ಹೆಂಡತಿಗೆ ಮಾತ್ರ ಎಲ್ಲವೂ ಹೊಸದು.

ಕರ್ನಾಟಕದವರಿಗೆ ಈ ಬಾಳು ಅಪರಿಚಿತವಲ್ಲ. ಸ್ವತಂತ್ರ ಭಾರತದ ಸೇನೆಗೆ ೧೯೪೯ರ ಜನವರಿ ೧೫ರಂದು ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರು ಕೊಡಗಿನವರು. ೧೯೫೭ರಿಂದ ೧೯೬೧ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು ಮಡಿಕೇರಿಯಲ್ಲಿ ಹುಟ್ಟಿದವರು. ಮರಾಠಾ ಲಘು ಪದಾತಿದಳದ ಕೇಂದ್ರ ಬೆಳಗಾವಿಯಲ್ಲಿದೆ. ಮದರಾಸು ಎಂಜಿನಿಯರ್ ಪಡೆಯ ಕೇಂದ್ರ ಬೆಂಗಳೂರಿನಲ್ಲಿದೆ. ಇವರ ಹೆಸರು ಹೇಳುವಾಗ ನಮ್ಮ ಎದೆ ಉಬ್ಬುತ್ತದೆ. ಆದರೆ ತಿಮ್ಮಯ್ಯನವರ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಯುದ್ಧದ್ದಲ್ಲ. ಅವರು ೧೯೩೫ರ ಜನವರಿಯಲ್ಲಿ ಕೊಡಗಿನವರೇ ಆದ ನೀನಾ ಅವರನ್ನು ಮದುವೆಯಾದರು. ಆಗ ಅವರ ನೇಮಕ ಈಗಿನ ಪಾಕಿಸ್ತಾನದಲ್ಲಿರುವ ಕ್ವೆಟ್ಟಾದಲ್ಲಿ. ಅದೇ ವರ್ಷ ಮೇ ೩೧ರ ನಸುಕಿನಲ್ಲಿ ಕ್ವೆಟ್ಟಾ ನಗರ ಭೂಕಂಪದಲ್ಲಿ ನೆಲಕ್ಕೆ ಕುಸಿಯಿತು. ಸತ್ತವರು ಹತ್ತಾರು ಸಾವಿರ. ಮದುವೆಯಾಗಿ ಅರ್ಧ ವರ್ಷವೂ ತುಂಬದ ನೀನಾ ಅವರು ಗಂಡನೊಡನೆ ನಿಂತು ಸಂತ್ರಸ್ತರ ಸೇವೆ ಮಾಡಿದರು. ಅದಕ್ಕಾಗಿ ಅವರಿಗೆ ಕೈಸರ್-ಇ-ಹಿಂದ್ ಪದಕ ದೊರೆಯಿತು.

ಇದನ್ನು ಓದಿದಾಗ ನನಗೆ ಇನ್ನೊಂದು ಯೋಚನೆ ಬಂತು. ಪದಕ ಚರಿತ್ರೆಯ ಪುಟದಲ್ಲಿ ಉಳಿಯುತ್ತದೆ. ಹೊಸ ದಂಡು ಪ್ರದೇಶಕ್ಕೆ ಬಂದಿಳಿದ ಮದುಮಗಳಿಗೆ ಹಾಲಿನವನು ಯಾವ ಹೊತ್ತಿಗೆ ಬರುತ್ತಾನೆ, ವೈದ್ಯರ ಮನೆ ಯಾವ ಕಡೆ, ರಾತ್ರಿ ಹೆದರಿಕೆಯಾದರೆ ಯಾರ ಬಾಗಿಲು ತಟ್ಟಬೇಕು ಎಂದು ಹೇಳಿಕೊಡುವ ನೆರೆಮನೆಯವಳ ಹೆಸರು ಯಾವ ಪುಟದಲ್ಲಿಯೂ ಉಳಿಯುವುದಿಲ್ಲ. ಆದರೂ ಮೊದಲನೆಯದು ಎರಡನೆಯದರ ಮೇಲೆಯೇ ನಿಂತಿರುತ್ತದೆ. ತಾನು ಊರಿದ ನೆಲ ಗಟ್ಟಿಯಾಗದೆ ಯಾರೂ ಇನ್ನೊಬ್ಬರನ್ನು ಎತ್ತಲಾರರು.

ಸರಕಾರದವರು ಈ ವಿಷಯದಲ್ಲಿ ಏನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಭೂಸೇನೆಯ ಕುಟುಂಬಗಳಿಗಾಗಿ ‘ಆವಾ’ ಎಂದು ಕರೆಯುವ ಸಂಸ್ಥೆ ಆರ್ಮಿ ವೈವ್ಸ್ ವೆಲ್ಫೇರ್ ಅಸೋಸಿಯೇಷನ್ ಎಂಬ ಹೆಸರಿನಿಂದ ೧೯೬೬ರಲ್ಲಿ ಹುಟ್ಟಿತು. ಸೇನಾ ಮುಖ್ಯಸ್ಥರ ಪತ್ನಿ ಅದರ ಅಧ್ಯಕ್ಷೆ. ಹೊಲಿಗೆ, ಕಸುಬು ಕಲಿಸುವುದು, ವಿಶೇಷ ಆರೈಕೆ ಬೇಕಾದ ಮಕ್ಕಳಿಗೆ ‘ಆಶಾ’ ಶಾಲೆಗಳನ್ನು ನಡೆಸುವುದು, ಗಂಡನನ್ನು ಕಳೆದುಕೊಂಡ ವೀರನಾರಿಯರ ಯೋಗಕ್ಷೇಮ ನೋಡುವುದು, ಇವು ಅದರ ಕೆಲಸಗಳು. ನೌಕಾಪಡೆ, ವಾಯುಪಡೆಗಳಲ್ಲಿಯೂ ಇಂಥ ಸಂಸ್ಥೆಗಳಿವೆ. ಅವು ಮಾಡಿದ ಉಪಕಾರ ದೊಡ್ಡದು.

ಆದರೆ ವಿನಯಪೂರ್ವಕವಾಗಿ ಒಂದು ಮಾತು. ಕುಟುಂಬಗಳ ಸಭೆಯಲ್ಲಿ ಮುಂದಿನ ಕುರ್ಚಿಯಲ್ಲಿ ಕುಳಿತವರು ಅಧಿಕಾರಿಗಳ ಪತ್ನಿಯರು. ಹಿಂದಿನ ಸಾಲಿನಲ್ಲಿ ಕುಳಿತವರು ಜವಾನರ, ನಾವಿಕರ ಪತ್ನಿಯರು. ಮುಂದಿನವರು ಎಷ್ಟೇ ಒಳ್ಳೆಯವರಾಗಿದ್ದರೂ, ‘ನಿಮಗೆ ಏನಾದರೂ ತೊಂದರೆ ಇದೆಯೇ?’ ಎಂದು ಹಿಂದಿಯಲ್ಲಿ ಕೇಳಿದಾಗ ಹಿಂದಿನವಳು ಸೆರಗು ಸರಿಮಾಡಿಕೊಂಡು ‘ಇಲ್ಲ’ ಎನ್ನುವಳು. ಗಂಡನ ಮೇಲಧಿಕಾರಿಯ ಮನೆಯವರ ಮುಂದೆ ಗಂಡನ ಮನೆಯ ಕೊರತೆಯನ್ನು ಹೇಳುವುದು ಹೇಗೆ? ಮೇಲಿನಿಂದ ಬರುವ ಸಹಾಯಕ್ಕೆ ಕೈ ಮುಗಿಯುತ್ತೇವೆ. ಪಕ್ಕದಿಂದ ಬರುವ ಸಹಾಯದ ಕೈ ಹಿಡಿಯುತ್ತೇವೆ. ಎರಡೂ ಬೇಕು. ಮೊದಲನೆಯದಕ್ಕೆ ಕಟ್ಟಡ, ಹಣ, ಅಧಿಕಾರ ಇವೆ. ಎರಡನೆಯದಕ್ಕೆ ಬೇಕಾದುದು ಒಂದು ಬಾಗಿಲು ಮಾತ್ರ.

ಹೊರದೇಶದವರೂ ಇದನ್ನು ಕಂಡುಕೊಂಡಿದ್ದಾರೆ. ಅಮೆರಿಕೆಯ ನೌಕಾಪಡೆಯ ಕುಟುಂಬಗಳಲ್ಲಿ ‘ಕಂಪಾಸ್’, ಎಂದರೆ ದಿಕ್ಸೂಚಿ, ಎಂಬ ಹೆಸರಿನ ಒಂದು ವ್ಯವಸ್ಥೆ ಬೆಳೆದಿದೆ. ಅಲ್ಲಿ ಹೊಸ ಮಡದಿಯರಿಗೆ ಪಾಠ ಹೇಳುವವರು ಅಧಿಕಾರಿಗಳಲ್ಲ. ಅದೇ ಬಾಳನ್ನು ಬಾಳಿ ಬಂದ ಇತರ ಮಡದಿಯರು. ನಮ್ಮಲ್ಲಿ ಅದಕ್ಕೆ ಹೊಸ ಹೆಸರು ಹುಡುಕಬೇಕಾಗಿಲ್ಲ. ‘ಅಕ್ಕ’ ಎಂಬ ಹಳೆಯ ಹೆಸರು ಸಾಕು.

ಇನ್ನು ಈ ಅಕ್ಕ ಏನು ಹೇಳಿಕೊಡಬೇಕು? ಹಾಸನದ ಆ ತಾಯಿ ನನ್ನ ತಂಗಿಗೆ ಒಂದು ತಿಂಗಳಲ್ಲಿ ಹೇಳಿಕೊಟ್ಟುದನ್ನೇ ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು ಕಾಗದಪತ್ರ. ಲಗ್ನವಾದ ಸಂಗತಿಯನ್ನು ಗಂಡನು ತನ್ನ ಘಟಕಕ್ಕೆ ತಿಳಿಸಿ, ಅದು ದಾಖಲೆಯಲ್ಲಿ ಸೇರಬೇಕು. ಅಕ್ಷತೆ ಬಿದ್ದ ಮಾತ್ರಕ್ಕೆ ಪಡೆಯ ದೃಷ್ಟಿಯಲ್ಲಿ ಹೆಂಡತಿಯಾಗುವುದಿಲ್ಲ. ಅವಲಂಬಿತರ ಕಾರ್ಡು, ಕ್ವಾರ್ಟರ್ಸು, ಆಸ್ಪತ್ರೆ, ಕ್ಯಾಂಟೀನು, ನಾಳೆ ಏನಾದರೂ ಆದರೆ ಪಿಂಚಣಿ, ಎಲ್ಲಕ್ಕೂ ಆ ದಾಖಲೆಯೇ ಬುನಾದಿ. ಕೊಲಾಬಾದಲ್ಲಿ ‘ಅಶ್ವಿನಿ’ ಎಂಬ ನೌಕಾಪಡೆಯ ದೊಡ್ಡ ಆಸ್ಪತ್ರೆಯೇ ಇದೆಯೆಂಬುದು ನನ್ನ ತಂಗಿಗೆ ತಿಳಿದಿರಲಿಲ್ಲ. ಇಷ್ಟು ವರ್ಷ ಈ ನಗರದಲ್ಲಿದ್ದ ನನಗೂ ನೆನಪಾಗಲಿಲ್ಲ.

ಎರಡನೆಯದು ಹಣ. ಇಲ್ಲಿ ನಾನು ತಲೆ ತಗ್ಗಿಸಿ ಮಾತನಾಡಬೇಕು. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ದಿನವೆಲ್ಲ ಊರವರಿಗೆ ಬುದ್ಧಿ ಹೇಳುವವನ ತಂಗಿಯ ಕೈಯಲ್ಲಿ ಅಂದು ಇದ್ದುದು ಇನ್ನೂರು ರೂಪಾಯಿ. ಗಂಡನ ಖಾತೆಯಲ್ಲಿ ಸಂಬಳವಿತ್ತು. ಅದನ್ನು ತೆಗೆಯಲು ಬೇಕಾದ ಓ.ಟಿ.ಪಿ. ಗಂಡನ ಫೋನಿಗೆ ಬರಬೇಕು. ಗಂಡನ ಫೋನು ಸಮುದ್ರದ ಮಧ್ಯದಲ್ಲಿ! ಆದುದರಿಂದ ಪ್ರತಿಯೊಬ್ಬ ಸೈನಿಕನ ಮಡದಿಗೂ ಅವಳ ಹೆಸರಿನಲ್ಲಿಯೇ, ಅವಳ ಫೋನಿನ ಸಂಖ್ಯೆಯಿರುವ ಒಂದು ಖಾತೆ ಬೇಕು. ತಿಂಗಳ ಮೊದಲ ವಾರ ಮನೆಖರ್ಚಿನ ಹಣ ಅದಕ್ಕೆ ತಾನಾಗಿ ಬೀಳುವಂತೆ ಬ್ಯಾಂಕಿಗೆ ಬರೆದುಕೊಡಬೇಕು. ಜಂಟಿ ಖಾತೆಯಿದ್ದರೆ ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಕ್ರಮದಲ್ಲಿ ಇರಲಿ. ಗುಂಪು ವಿಮೆಯ ನಾಮನಿರ್ದೇಶನ ಮದುವೆಗೆ ಮುಂಚೆ ತಾಯಿಯ ಹೆಸರಿನಲ್ಲಿ ಮಾಡಿದ್ದು ಹಾಗೆಯೇ ಉಳಿದಿರುವುದುಂಟು. ಇದು ಅತ್ತೆ ಸೊಸೆಯರ ನಡುವೆ ನವುರಾದ ಮಾತು. ತಾಯಿಗೆ ಇಷ್ಟು ಪಾಲು, ಹೆಂಡತಿಗೆ ಇಷ್ಟು ಪಾಲು ಎಂದು ಬದುಕಿ ಬಾಳುತ್ತಿರುವಾಗಲೇ ನಗುನಗುತ್ತ ಬರೆದಿಡುವುದು ಲೇಸು. ಇದನ್ನು ಅಳಿಯನಿಗೆ ಮಾವನ ಮನೆಯವರು ಹೇಳಿದರೆ ಅಪಾರ್ಥವಾದೀತು. ಅಕ್ಕ ತನ್ನ ತಂಗಿಗೆ ಹೇಳಿದರೆ ಆಗದು.

ಮೂರನೆಯದು ಮೌನ. ಹಡಗು ಯಾವಾಗ ಹೊರಡುತ್ತದೆ, ಪಡೆ ಎಲ್ಲಿಗೆ ಸಾಗುತ್ತದೆ ಎಂಬುದನ್ನು ಊರಿನ ನೆಂಟರಿಗೂ ಹೇಳಬಾರದು, ವಾಟ್ಸ್ಯಾಪಿನಲ್ಲಿಯೂ ಬರೆಯಬಾರದು. ಹೊಸ ಹುಡುಗಿ ಅಭಿಮಾನದಿಂದ ಹಡಗಿನ ಚಿತ್ರ ಹಾಕಿ ದಿನಾಂಕ ಬರೆದುಬಿಟ್ಟರೆ ಅದು ನೂರಾರು ಮನೆಯವರ ಕ್ಷೇಮದ ಪ್ರಶ್ನೆ. ಅಂತೆಯೇ ಟೆಲಿವಿಷನ್ನಿನಲ್ಲಿ ಬಂದ ಸುದ್ದಿಯನ್ನೆಲ್ಲ ನಂಬಿ ಎದೆ ಒಡೆದುಕೊಳ್ಳಬಾರದು. ಘಟಕದಿಂದ ಬಂದುದೇ ಸುದ್ದಿ.

ನಾಲ್ಕನೆಯದು ದಿನಚರಿ. ಅವರು ನನ್ನ ತಂಗಿಯನ್ನು ದಿನವೂ ಸಂಜೆ ಪೇಟೆಗೆ ಕರೆದುಕೊಂಡು ಹೋದರು. ಮೊದಲ ದಿನ ತಾವು ಮಾತನಾಡಿದರು. ಎರಡನೆಯ ದಿನ ಅವಳ ಬಾಯಲ್ಲಿ ಆಡಿಸಿದರು. ಮೂರನೆಯ ದಿನ ತಾವು ಬೀದಿಯ ಕೊನೆಯಲ್ಲಿ ನಿಂತು ಅವಳನ್ನೊಬ್ಬಳನ್ನೇ ಕಳುಹಿಸಿದರು. ಮೆಂತ್ಯದ ಸೊಪ್ಪಿನ ಒಂದು ಕಟ್ಟು ಹಿಡಿದುಕೊಂಡು ಬಂದಾಗ ಅವಳ ಮುಖದಲ್ಲಿದ್ದ ಸಂತೋಷವನ್ನು ನನಗೆ ಅವರೇ ವರ್ಣಿಸಿದರು. ಸಹಾಯವೆಂದರೆ ಹೀಗಿರಬೇಕು, ತನ್ನ ಅಗತ್ಯ ದಿನದಿನಕ್ಕೆ ಕಡಿಮೆಯಾಗುವಂತೆ.

ಅಕ್ಕನಾಗುವವಳಿಗೂ ಕೆಲವು ಕಟ್ಟುಪಾಡುಗಳಿರಬೇಕು. ಕೇಳಿದ ಮಾತನ್ನು ಇನ್ನೊಂದು ಮನೆಯಲ್ಲಿ ಆಡಕೂಡದು. ತನ್ನ ಗಂಡನ ಹುದ್ದೆಯನ್ನು ಮಾತಿನಲ್ಲಿ ಬೆರೆಸಕೂಡದು. ಹಣದ ವ್ಯವಹಾರವನ್ನು ತನ್ನ ಕೈಗೆ ತೆಗೆದುಕೊಳ್ಳಕೂಡದು. ಜ್ವರ, ಬಸಿರು, ಮನಸ್ಸಿನ ತೀವ್ರ ಕುಗ್ಗುವಿಕೆ, ಮನೆಯಲ್ಲಿ ಹೊಡೆತ ಬಡಿತ, ಇಂಥವು ಕಂಡಾಗ ‘ಸಹಿಸಿಕೋ’ ಎಂದು ಮುಚ್ಚಿಡದೆ ವೈದ್ಯರ ಬಳಿಗೆ, ಹೊಣೆಯುಳ್ಳವರ ಬಳಿಗೆ ಜೊತೆಯಲ್ಲಿ ಹೋಗಬೇಕು. ಅಕ್ಕ ವೈದ್ಯಳಲ್ಲ, ನ್ಯಾಯಾಧೀಶಳೂ ಅಲ್ಲ; ಬಾಗಿಲವರೆಗೆ ಜೊತೆ ಬರುವವಳು.

ಈಗ ನಮ್ಮ ಸಂಘದ ಕಡೆಗೆ ಬರುತ್ತೇನೆ. ನಮ್ಮ ಹಿರಿಯರು ಮುಂಬಯಿಗೆ ಬಂದಾಗ ಏನು ಮಾಡಿದರು? ಹೋಟೆಲುಗಳಲ್ಲಿ ಹಗಲೆಲ್ಲ ದುಡಿಯುವ ಹುಡುಗರಿಗಾಗಿ ಕನ್ನಡದ ರಾತ್ರಿಶಾಲೆಗಳನ್ನು ನಡೆಸಿದರು. ಮೊದಲು ಬಂದವನು ಹಿಂದೆ ಬಂದವನಿಗೆ ಮಲಗಲು ಜಾಗ ತೋರಿಸಿದ, ಕೆಲಸ ತೋರಿಸಿದ, ಅಕ್ಷರ ತೋರಿಸಿದ. ಈ ನಗರದ ಕನ್ನಡ ಬಾಳು ಬೆಳೆದುದೇ ಹೀಗೆ. ಅದೇ ಕೆಲಸವನ್ನು ಇನ್ನೊಂದು ಬಗೆಯಲ್ಲಿ ಮುಂದುವರಿಸಬೇಕೆಂದು ಬಿನ್ನವಿಸುತ್ತೇನೆ. ಕೊಲಾಬಾದ ನೇವಿ ನಗರವಿದೆ. ನಮ್ಮ ಉಪನಗರದಲ್ಲಿಯೇ ಮಲಾಡಿನ ಮಾರ್ವೆಯಲ್ಲಿ ‘ಹಮ್ಲಾ’ ನೌಕಾಕೇಂದ್ರವಿದೆ. ಕಾಂದಿವಲಿಯಲ್ಲಿ ಸೇನೆಯ ಡಿಪೋ ಇದೆ. ಅಲ್ಲೆಲ್ಲ ಕನ್ನಡದ ಮಡದಿಯರು ಬಂದು ಹೋಗುತ್ತಿರುತ್ತಾರೆ. ಸೇವಾ ಬಾಳನ್ನು ಕಂಡ ನಾಲ್ಕಾರು ತಾಯಂದಿರು, ನಿವೃತ್ತ ಸೈನಿಕರ ಪತ್ನಿಯರೂ ಆಗಬಹುದು, ‘ನಾವು ಸಿದ್ಧರಿದ್ದೇವೆ’ ಎಂದು ಸಂಘದ ಪುಸ್ತಕದಲ್ಲಿ ಹೆಸರು ಬರೆಯಿಸಲಿ. ಹೊಸಬಳು ಬಂದ ಮೊದಲ ವಾರ ಒಂದು ಭೇಟಿ; ಆಮೇಲೆ ಮೂರು ತಿಂಗಳು ವಾರಕ್ಕೊಂದು ಫೋನು; ಪೇಟೆಗೆ ಬೇಕಾದ ಹಿಂದಿ, ಮರಾಠಿ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದ ಒಂದು ಹಾಳೆ; ರಾಜ್ಯೋತ್ಸವಕ್ಕೆ ಒಂದು ಆಮಂತ್ರಣ. ಬ್ಯಾಂಕಿನ ಕಾಗದಗಳಿಗೆ ನಾನಿದ್ದೇನೆ. ಆ ಪಾಠವನ್ನು ಈಗ ಚೆನ್ನಾಗಿ ಕಲಿತಿದ್ದೇನೆ. ಇದಕ್ಕೆ ಹಣ ಬೇಡ, ನಿಧಿ ಬೇಡ, ಉದ್ಘಾಟನೆಯೂ ಬೇಡ.

ಕೊನೆಯದಾಗಿ, ತಂಗಿಯ ವಿಷಯ ಹೇಳಿ ಮುಗಿಸುತ್ತೇನೆ. ಅವರಿಗೆ ಕಳೆದ ವರ್ಷ ಕಾರವಾರಕ್ಕೆ ವರ್ಗವಾಯಿತು. ೨೦೦೫ರಲ್ಲಿ ಅಲ್ಲಿ ನೆಲೆಗೊಂಡ ನೌಕಾನೆಲೆಗೆ ನಮ್ಮ ಕದಂಬರ ಹೆಸರನ್ನೇ ಇಟ್ಟಿದ್ದಾರೆ. ಈಗ ಅವಳು ಕನ್ನಡ ನಾಡಿನಲ್ಲಿಯೇ ಇದ್ದಾಳೆ. ಅವಳಿಗೆ ಅಕ್ಕ ಬೇಡ. ಆದರೆ ಪಕ್ಕದ ಮನೆಗೆ ಬಿಹಾರದ ಕಡೆಯಿಂದ ಒಬ್ಬ ಹೊಸ ಮದುಮಗಳು ಬಂದಿದ್ದಾಳಂತೆ. ಗಂಡ ಸೇಲಿಂಗಿಗೆ ಹೋಗಿದ್ದಾನೆ. ಹುಡುಗಿಗೆ ಕನ್ನಡ ಬಾರದು, ಕಿಟಕಿ ಮುಚ್ಚಿಕೊಂಡು ಕೂತಿರುತ್ತಾಳೆ. ಹೋದ ವಾರ ತಂಗಿ ಫೋನಿನಲ್ಲಿ ಹೇಳಿದಳು: ‘ಅಣ್ಣಾ, ನಿನ್ನೆ ಆಕೀನ ಮೀನಪ್ಯಾಟಿಗೆ ಕರಕೊಂಡು ಹೋಗಿದ್ದೆ. ‘ಎಷ್ಟು’ ಅನ್ನೂದು ಕಲಿಸೀನಿ. ನಾಳೆ ‘ಕಡಿಮೆ ಮಾಡ್ರಿ’ ಅನ್ನೂದು ಕಲಸ್ತೀನಿ.’

ಮಹನೀಯರೇ, ಹಾಸನದ ಆ ತಾಯಿಯ ಋಣ ನಮ್ಮ ಮನೆಯ ಮೇಲಿತ್ತು. ಅದನ್ನು ನನ್ನ ತಂಗಿ ಕಾರವಾರದಲ್ಲಿ ತೀರಿಸುತ್ತಿದ್ದಾಳೆ. ಮುಂಬಯಿಯಲ್ಲಿ ತೀರಿಸುವ ಪಾಲು ನಮ್ಮದು.